ಕುಲಾವಿ ಹಿಂದೆ ಬರ್ತಾ ಐತೆ

ಕತೆ ಹೇಳುವವನ ಎದುರಿಗೆ ಹೂಂಗುಟ್ಟುವವರು ಇರಬೇಕು. ನೀವು ಹೂಂ ಅನ್ನುತ್ತಿರಿ, ನಾನು ಹೇಳುತ್ತೇನೆ. ಹೂಂ ಅಂದವರಿಗೆಲ್ಲ ತಿಳಿದಿದೆ ಅಂತ ಮಾತ್ರ ನಾನು ನಂಬುವುದಿಲ್ಲ. ಯಾಕೆಂದರೆ ಜುಂಜನೂ ಹೂಂ ಅನ್ನುತ್ತಿದ್ದ.

ಬಯಲು ಸೀಮೆಯಲ್ಲಿ ಒಂದು ಕುರುಬರ ಹಟ್ಟಿ. ಹಟ್ಟಿಯ ಕೊನೆಯ ಮನೆ ಮಾಳವ್ವನದು. ಅವಳ ಮಗನೇ ಈ ಜುಂಜ. ಆಳುದ್ದ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ ಕೆಲಸವನ್ನು ಒಂದು ದಿನವೂ ಒಲ್ಲೆ ಅಂದವನಲ್ಲ. ಅದೇ ಮಾಳವ್ವನ ಕಷ್ಟ. ಏನು ಹೇಳಿದರೂ ಹೂಂ ಅನ್ನುತ್ತಿದ್ದ, ಹೇಳಿದಷ್ಟನ್ನೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ.

"ಇವನು ಸೋಮಾರಿಯಾಗಿ ಹುಟ್ಟಿದ್ದರೆ ನಾನು ಸುಖವಾಗಿರ್ತಿದ್ದೆ," ಅಂತ ಮಾಳವ್ವ ಹಟ್ಟಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಮಾಳವ್ವನಿಗೆ ಒಂದು ಹವ್ಯಾಸ. ಮನೆಗೆಲಸ ಮುಗಿದ ಮೇಲೆ ಬಾಗಿಲಲ್ಲಿ ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದಳು. ಕಂಬಳಿಗಲ್ಲ, ಸಂತೆಗಲ್ಲ, ಸುಮ್ಮನೆ. ಬೆರಳ ತುದಿಯಲ್ಲಿ ಉಣ್ಣೆಯನ್ನು ಸಡಿಲ ಬಿಡುತ್ತಿದ್ದಳು, ತಕಲಿ ತಿರುಗುತ್ತಾ ಇಳಿಯುತ್ತಿತ್ತು, ಎಳೆ ಹುಟ್ಟುತ್ತಿತ್ತು. ಹುಟ್ಟಿದ ಎಳೆಯನ್ನು ಎರಡು ಬಿದಿರ ಕಡ್ಡಿಯಲ್ಲಿ ಹೆಣೆಯುತ್ತಿದ್ದಳು. ಹೆಣೆಯುವುದನ್ನು ಕಲಿಸಿದವಳು ಆಸ್ಪತ್ರೆಯಲ್ಲಿ ದಾದಿಯಾಗಿದ್ದು ಈಗ ಹಟ್ಟಿಯಲ್ಲೇ ನೆಲೆಸಿದ್ದ ಸಲೋಮಮ್ಮ. ಕೆಲಸವಿಲ್ಲದಾಗ ಆ ಕಡ್ಡಿಗಳು ಮಾಳವ್ವನ ತುರುಬಿನಲ್ಲಿ ಇರುತ್ತಿದ್ದವು.

ಅವ್ವ ನೂಲುವಾಗ ಜುಂಜ ಎದುರಿಗೆ ಕೂತು ತಕಲಿ ನೋಡುತ್ತಿದ್ದ. ದಿನದಲ್ಲಿ ಅವನು ಏನನ್ನೂ ಕೆಡಿಸದೆ ಇರುತ್ತಿದ್ದದ್ದು ಆ ಹೊತ್ತೊಂದೇ.

ಜುಂಜನ ಅಕ್ಕ ಈರಕ್ಕ. ಅವಳನ್ನು ಕೊಟ್ಟಿದ್ದು ದೂರಕ್ಕೇನಲ್ಲ, ಒಣಗಿದ ಕೆರೆಯ ಆಚೆ ದಡದ ಹಟ್ಟಿಗೆ. ಕೂಗಳತೆ ದೂರ. ಆದರೂ ಮಾಳವ್ವ ಅತ್ತ ಕಾಲಿಡದೆ ಒಂದು ವರ್ಷವಾಗಿತ್ತು. ಯಾಕೆ ಅಂದರೆ, ಹೋದ ವರ್ಷ ಮಗಳ ಮನೆಯ ಜಗಲಿ ಮೇಲೆ ಕೂತು ಹೆಣೆಯುತ್ತಿದ್ದಾಗ ಬೀಗತಿ ತಿಪ್ಪಮ್ಮ ನಾಲ್ಕು ಜನರ ಎದುರಿಗೆ ಕೇಳಿದಳು:

"ಏನ್ ಬೀಗತಿ, ಮಾಡಾಕೆ ಕೆಲಸ ಇಲ್ವಾ? ಅಂಗಡೀಲಿ ಬೇಕಾದ ಬಣ್ಣದ್ದು ಸಿಗ್ತದೆ. ಅದಕ್ಕೆ ನೀವು ಎಂಟು ದಿನ ಕಡ್ಡಿ ಆಡಿಸ್ತೀರಲ್ಲ!"

"ಕೆಲಸ ಇಲ್ಲದೆ ಮಾಡ್ತಿಲ್ಲ ಬೀಗತಿ, ಕೆಲಸ ಮುಗಿಸಿ ಮಾಡ್ತಿದೀನಿ. ಇದು ನನ್ನ ಖುಷಿ."

"ಖುಷಿಯಂತೆ!" ಅಂತ ತಿಪ್ಪಮ್ಮ ನಕ್ಕಳು. ನಾಲ್ಕು ಜನರೂ ನಕ್ಕರು.

ಮಾಳವ್ವ ಕಡ್ಡಿ ಎತ್ತಿ ತುರುಬಿಗೆ ಸಿಕ್ಕಿಸಿಕೊಂಡಳು. "ನೀವಾಗಿ ಬಾಯಿ ತುಂಬ 'ಒಳಗೆ ಬನ್ನಿ' ಅನ್ನೋವರೆಗೂ ನಾನು ಈ ಹೊಸಲು ತುಳಿಯಲ್ಲ," ಅಂದು ಎದ್ದು ಬಂದಳು. ಬಂದವಳು ಹೋಗಲಿಲ್ಲ.

ಈಗ ಈರಕ್ಕನಿಗೆ ಮೂರನೆಯ ಕೂಸು. ಮೊದಲೆರಡು ತವರಿನಲ್ಲಿ ಹುಟ್ಟಿದ್ದವು, ಇದು ಗಂಡನ ಮನೆಯಲ್ಲೇ ಹುಟ್ಟಿತು. ಗಾಳಿ ಆ ಕಡೆಯಿಂದ ಬೀಸಿದರೆ ಅದರ ಅಳು ಮಾಳವ್ವನ ಬಾಗಿಲವರೆಗೂ ಬರುತ್ತಿತ್ತು. ಆಗ ಅವಳ ಕೈಯ ತಕಲಿ ನಿಲ್ಲುತ್ತಿತ್ತು.

ಒಂದು ದಿನ ತಿಪ್ಪಮ್ಮನ ಕಡೆಯ ಆಳು ಬಂದು ಬೇಲಿ ಆಚೆಯಿಂದಲೇ ಹೇಳಿದ: "ಮುಂದಿನ ತಿಂಗಳ ಮೊದಲ ಸೋಮವಾರ ತೊಟ್ಟಿಲಿಗೆ ಹಾಕ್ತಾರಂತೆ. ತವರಿನ ಕುಲಾವಿ ಕಳಿಸಬೇಕಂತೆ."

"ಬರಬೇಕು ಅಂದ್ರಾ?"

"ಕಳಿಸಬೇಕು ಅಂದ್ರು."

"ಅಷ್ಟೇನಾ?"

"ಅಷ್ಟೇ."

ಆ ಹಟ್ಟಿಗಳಲ್ಲಿ ಒಂದು ಪದ್ಧತಿ. ತವರಿಂದ ಬಂದ ಕುಲಾವಿಯನ್ನು ತಲೆಗೆ ಹಾಕದೆ ಕೂಸನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗಿಲ್ಲ. ಆ ಕುಲಾವಿಯ ಕೊನೆಯ ಗಂಟನ್ನು ತವರಿನವರು ಹಾಕುವ ಹಾಗಿಲ್ಲ. ಕೊನೆಯ ಕುಣಿಕೆ ಹಾಗೇ ಬಿಟ್ಟು, ಗೇಣುದ್ದ ಎಳೆ ಇಳಿಬಿಟ್ಟು ಕಳಿಸಬೇಕು. ಕೂಸಿನ ತಲೆಗೆ ಇಟ್ಟ ಮೇಲೆ ಹೆತ್ತವಳು ಗಂಟು ಹಾಕಬೇಕು.

ಮಾಳವ್ವ ಯೋಚಿಸಿದಳು. ತಾನು ಹೋಗುವ ಹಾಗಿಲ್ಲ. ಕುಲಾವಿ ಹೋಗಬಹುದು. ಹಾಗಾದರೆ ಅಂಗಡಿಯಲ್ಲಿ ಹುಡುಕಿದರೂ ಸಿಗದಂಥದ್ದು ಹೋಗಲಿ. ಕುರಿಮರಿಯ ಮೈಗೆ ಮೊದಲ ಸಲ ಕತ್ತರಿ ಹಾಕಿದಾಗ ಬರುವ ಉಣ್ಣೆ ಎಲ್ಲಕ್ಕಿಂತ ಮೆತ್ತಗೆ. ಅವಳ ತಮ್ಮ ಕೆಂಚಪ್ಪನ ಕುರಿ ರೊಪ್ಪದಲ್ಲಿ ಅಂಥ ಕಂದು ಮರಿಗಳು ಎರಡಿದ್ದವು. ಒಂದಕ್ಕೆ ಅವನು ಆವತ್ತೇ ಕತ್ತರಿ ಹಾಕಿದ್ದ.

"ಜುಂಜಾ, ಮಾವನ ರೊಪ್ಪಕ್ಕೆ ಹೋಗಿ ಮರಿ ಉಣ್ಣೆ ಇಸ್ಕೊಂಡು ಬಾರಪ್ಪ."

ಹೂಂ ಅಂದ. ಹೋದ. ಬೊಗಸೆ ಮುಂದೆ ಚಾಚಿ, ಉಣ್ಣೆ ತುಂಬಿಸಿಕೊಂಡು, ಹಾಗೇ ಬಯಲಲ್ಲಿ ನಡೆದು ಬಂದ. ಗಾಳಿ ಒಂದು ಹಿಡಿ ಕೇಳಿತು, ಕೊಟ್ಟ. ಇನ್ನೊಂದು ಹಿಡಿ ಕೇಳಿತು, ಕೊಟ್ಟ. ಮನೆಗೆ ಬಂದಾಗ ಬೊಗಸೆಯಲ್ಲಿ ಗುಬ್ಬಿಗೂಡಿನಷ್ಟು ಉಳಿದಿತ್ತು.

"ಎಲ್ಲೋ ಮಿಕ್ಕಿದ್ದು?"

"ಮುಂದೆ ಹೋಯ್ತಲ್ಲವ್ವಾ. ಇನ್ನೂ ಬಂದಿಲ್ವಾ?"

"ಅಯ್ಯೋ ನನ್ನ ಮಂಕುದಿಣ್ಣೆ! ಟವೆಲಲ್ಲಿ ಸುತ್ತಿ, ಬಿಗಿಯಾಗಿ ಮೂಟೆ ಕಟ್ಟಿ, ಹಾರದಂಗೆ ಮೇಲೊಂದು ಕಲ್ಲಿಟ್ಟು, ತಲೆ ಮೇಲೆ ಹೊತ್ಕೊಂಡು ಬರಬೇಕಪ್ಪ!"

"ಮೊದಲೇ ಹೇಳಬಾರದಾ? ಇನ್ನು ಹಂಗೇ ಮಾಡ್ತೀನಿ ಬಿಡು."

ಮಾರನೆಯ ದಿನ ಮಾಳವ್ವ ಉಳಿದ ಉಣ್ಣೆಯನ್ನು ಬಿಡಿಸಿ ಕೂತಳು. ಕೈಗೆ ಚೂರು ಎಣ್ಣೆ ಸವರಿಕೊಂಡರೆ ಎಳೆ ನುಣ್ಣಗೆ ಬರುತ್ತದೆ.

"ಜುಂಜಾ, ಗಾಣದ ಮನೆಗೆ ಹೋಗಿ ಕುಸುಬೆ ಎಣ್ಣೆ ತಗೊಂಡು ಬಾರಪ್ಪ."

ಹೂಂ ಅಂದ. ಹೋದ. "ಪಾತ್ರೆ ಎಲ್ಲೋ?" ಅಂತ ಗಾಣದವನು ಕೇಳಿದರೆ ಟವೆಲು ಹಾಸಿದ. "ಸುರಿ," ಅಂದ. ಗಾಣದವನು ಅವನ ಮುಖ ನೋಡಿದ, ಟವೆಲು ನೋಡಿದ, ಹೂಂ ಅಂತ ಅವನೂ ಸುರಿದ. ಜುಂಜ ಬಿಗಿಯಾಗಿ ಮೂಟೆ ಕಟ್ಟಿದ. ಮೇಲೊಂದು ಕಲ್ಲಿಟ್ಟ. ತಲೆ ಮೇಲೆ ಹೊತ್ತ. ಮನೆ ಮುಟ್ಟುವ ಹೊತ್ತಿಗೆ ಮೂಗಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಹಿಂದೆ ಮೂರು ನಾಯಿ ದಾರಿ ನೆಕ್ಕುತ್ತಾ ಬರುತ್ತಿದ್ದವು.

"ಎಣ್ಣೆ ಎಲ್ಲೋ?"

"ಹಾರಿಲ್ಲ ಕಣವ್ವಾ! ಕಲ್ಲು ಇಟ್ಟಿದೀನಿ, ನೋಡು!"

"ಅಯ್ಯೋ ನನ್ನ ಮಂಕುದಿಣ್ಣೆ! ಗಡಿಗೇಲಿ ಹಾಕಿ, ಬಾಯಿ ಮುಚ್ಚಿ, ತುಳುಕದಂಗೆ ಮೆಲ್ಲಗೆ ತರಬೇಕಪ್ಪ!"

"ಮೊದಲೇ ಹೇಳಬಾರದಾ? ಇನ್ನು ಹಂಗೇ ಮಾಡ್ತೀನಿ ಬಿಡು."

ಮಾಳವ್ವ ಬೈದುಕೊಂಡೇ ಅವನ ತಲೆಗೆ ಕೈ ಒರೆಸಿ, ಆ ಎಣ್ಣೆಯಲ್ಲೇ ನೂತಳು. ಎಳೆ ಚೆನ್ನಾಗಿ ಬಂತು. ಆದರೆ ಇದ್ದ ಉಣ್ಣೆ ಮುಗಿದು ನೋಡಿದರೆ ಕುಲಾವಿಯ ಒಂದು ಕಿವಿಗೂ ಸಾಲದು. ಕೆಂಚಪ್ಪ ಹೇಳಿ ಕಳಿಸಿದ: "ಇನ್ನೊಂದು ಮರಿ ಐತೆ. ಅದನ್ನೇ ಕರ್ಕೊಂಡು ಹೋಗಿ ನೀನೇ ಕತ್ತರಿ ಹಾಕ್ಕೊ ಅಕ್ಕಾ. ಇದು ಕೆಟ್ರೆ ಇನ್ನಿಲ್ಲ."

"ಜುಂಜಾ, ಕೇಳಿದೆಯಾ? ಇದು ಕೆಟ್ರೆ ಇನ್ನಿಲ್ಲ. ಮರೀನ ಜೋಪಾನವಾಗಿ ತಗೊಂಡು ಬಾ."

ಹೂಂ ಅಂದ. ಹೋದ. ಹೋಗುವಾಗ ನೀರಿನ ದೊಡ್ಡ ಗಡಿಗೆ ಹೊತ್ತುಕೊಂಡು ಹೋದ. ಮರಿಯನ್ನು ಗಡಿಗೆಗೆ ತುರುಕಿದ. ಬಾಯಿಗೆ ತಟ್ಟೆ ಮುಚ್ಚಿದ. ತಲೆ ಮೇಲೆ ಇಟ್ಟುಕೊಂಡ. ತುಳುಕದ ಹಾಗೆ ಮೆಲ್ಲಗೆ, ಮೆಲ್ಲಗೆ ನಡೆದ. ಒಳಗಿಂದ ಮರಿ ಮ್ಯಾ ಅಂದಾಗಲೆಲ್ಲ "ತುಳುಕಬೇಡ, ತುಳುಕಬೇಡ," ಅಂತ ಸಮಾಧಾನ ಹೇಳಿದ. ಮನೆ ಬಾಗಿಲ ಹತ್ತಿರ ಬಂದಾಗ ಮರಿ ಒಂದು ಸಲ ಜಾಡಿಸಿ ಒದೆಯಿತು. ಗಡಿಗೆ ಒಡೆದು ಚೂರಾಯಿತು. ಜುಂಜನ ತಲೆ ಮೇಲೆ ಮರಿ ಕೂತಿತ್ತು. ಮರಿಯ ಕೊರಳಲ್ಲಿ ಗಡಿಗೆಯ ಕಂಠ ಹೂವಿನ ಹಾರದ ಹಾಗೆ ಉಳಿದಿತ್ತು.

"ಒಂದು ತೊಟ್ಟೂ ಚೆಲ್ಲಿಲ್ಲ ಕಣವ್ವಾ," ಅಂದ ಜುಂಜ.

"ಅಯ್ಯೋ ನನ್ನ ಮಂಕುದಿಣ್ಣೆ! ಕುರುಬರ ಹೊಟ್ಟೇಲಿ ಹುಟ್ಟಿ ಮರಿ ತರಾಕೆ ಬರಲ್ವಾ? ಕೊರಳಿಗೆ ಹಗ್ಗ ಕಟ್ಟಿ, ತುದಿ ಹಿಡ್ಕೊಂಡು ಮುಂದೆ ನಡೀಬೇಕಪ್ಪ! ಅದು ಹಠ ಮಾಡ್ತದೆ, ಮೆಲ್ಲಗೆ ಎಳೀಬೇಕು. ಏನೇ ಆಗಲಿ, ತುದಿ ಕೈ ಬಿಡಬಾರದು. ತಿರುಗಿ ನೋಡಬಾರದು. ತಿರುಗಿ ನೋಡಿದ್ರೆ ಮರಿ ನಿಂತೇಬಿಡ್ತದೆ!"

ಇದು ಕುರಿ ಸಾಕಿದವರಿಗೆಲ್ಲ ಗೊತ್ತಿರುವ ಮಾತು. ಜುಂಜನಿಗೆ ಅದು ಬಹಳ ಹಿಡಿಸಿತು. "ತುದಿ ಬಿಡಬಾರದು, ತಿರುಗಿ ನೋಡಬಾರದು," ಅಂತ ಎರಡು ದಿನ ಬಾಯಿಪಾಠ ಮಾಡಿದ.

ಮರಿಯ ಉಣ್ಣೆ ಬಂತು, ಮಾಳವ್ವ ನೂತಳು. ಅಷ್ಟು ಸಣ್ಣ ಎಳೆಯನ್ನು ಅವಳು ಹಿಂದೆಂದೂ ನೂತಿರಲಿಲ್ಲ. ಹೆಣಿಗೆ ಹಿಡಿದಳು. ತಲೆಯ ಭಾಗ ಆಯಿತು. ಕಿವಿ ಮುಚ್ಚುವ ಕಡೆ ಕುಣಿಕೆ ಎಷ್ಟು ಬಿಡಬೇಕು ಅನ್ನುವುದು ಮರೆತಿತ್ತು.

"ಜುಂಜಾ, ಸಲೋಮಮ್ಮನವರನ್ನ ಕರ್ಕೊಂಡು ಬಾರಪ್ಪ."

ಹೂಂ ಅಂದ. ಹೋದ. ಹಗ್ಗ ತೆಗೆದುಕೊಂಡು ಹೋದ. ಸಲೋಮಮ್ಮ ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದಳು. "ಅವ್ವ ಕರೀತಾಳೆ," ಅಂದ. "ಬಂದೆ ಇರು," ಅಂದಳು. ಅವಳು ಏಳುವುದರೊಳಗೆ ಕೊರಳಿಗೆ ಹಗ್ಗ ಬಿದ್ದಿತ್ತು.

"ಏಯ್! ಏನೋ ಇದು!"

"ಹಠ ಮಾಡಬೇಡಿ. ಮೆಲ್ಲಗೆ ಎಳೀತೀನಿ."

ಮಾಳವ್ವ ಬಾಗಿಲಿಗೆ ಬಂದು ನೋಡಿದರೆ, ಮುಂದೆ ಜುಂಜ, ಹಿಂದೆ ಸಲೋಮಮ್ಮ. ಹಗ್ಗವನ್ನು ಅವಳು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ಜುಂಜ ತಿರುಗಿ ನೋಡದೆ ಇದ್ದದ್ದರಿಂದ ಅವನಿಗೆ ಅದು ಗೊತ್ತಿರಲಿಲ್ಲ.

"ಮಾಳವ್ವಾ, ನಾನು ಐನೂರು ಹೆರಿಗೆ ಮಾಡಿಸಿದೀನಿ. ಇವನನ್ನ ಹೆತ್ತಾಗ ನಿನ್ನ ಹೆರಿಗೇನೂ ನಾನೇ ಮಾಡಿಸಿದ್ದು. ಅದಕ್ಕೆ ಈಗ ಶಿಕ್ಷೆ ಆಯ್ತು ನೋಡು!" ಅಂದು ಸಲೋಮಮ್ಮ ಜಗಲಿ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮಾಳವ್ವನಿಗೆ ನಗು ಬರಲಿಲ್ಲ. "ಅಯ್ಯೋ ನನ್ನ ಮಂಕುದಿಣ್ಣೆ! ಮನುಷ್ಯರಿಗೆ ಯಾರಾದ್ರೂ ಹಗ್ಗ ಹಾಕ್ತಾರೇನೋ? ಉಣ್ಣೆ ಇರೋದಕ್ಕಪ್ಪ ಹಗ್ಗ! ಉಣ್ಣೆ ಇದ್ರೆ ಮಾತ್ರ!"

"ಮೊದಲೇ ಹೇಳಬಾರದಾ? ಇನ್ನು ಹಂಗೇ ಮಾಡ್ತೀನಿ ಬಿಡು."

ಸಲೋಮಮ್ಮ ಕಿವಿಯ ಲೆಕ್ಕ ಹೇಳಿಕೊಟ್ಟಳು. ಕುಲಾವಿ ಮುಗಿಯಿತು. ಕಂದು ಬಣ್ಣ, ಎರಡು ಕಿವಿ. ಮುಷ್ಟಿಯಲ್ಲಿ ಹಿಡಿದರೆ ಮುಷ್ಟಿ ಖಾಲಿ ಇದೆಯೇನೋ ಅನ್ನಿಸುವಷ್ಟು ಹಗುರ. ಸೋಮವಾರ ಬಂತು. ಮಾಳವ್ವ ಕೊನೆಯ ಕುಣಿಕೆ ಹಾಗೇ ಬಿಟ್ಟು, ಗೇಣುದ್ದ ಎಳೆ ಇಳಿಬಿಟ್ಟು, ಬೆಳಗ್ಗೆಯೇ ಅದನ್ನು ಮಗನ ಕೈಗಿಟ್ಟಳು.

"ನೆಟ್ಟಗೆ ಹೋಗು. ಅಕ್ಕನ ಕೈಗೇ ಕೊಡು. ಜೋಪಾನ."

ಹೂಂ ಅಂದ. ಅವನು ಹೋಗುವುದನ್ನು ಮಾಳವ್ವ ನೋಡಲಿಲ್ಲ. ಆ ಕಡೆ ನೋಡಬಾರದು ಅಂತ ಒಳಗೆ ಹೋಗಿ ರಾಗಿ ಕೇರಲು ಕೂತಳು.

ಜುಂಜ ಬೇಲಿ ಹತ್ತಿರ ಬಂದು ಯೋಚನೆ ಮಾಡಿದ. ಇದಕ್ಕೆ ಉಣ್ಣೆ ಐತಾ? ಐತೆ. ಹಂಗಾದ್ರೆ ಹಗ್ಗ ಬೇಕು. ನೋಡಿದರೆ ಗೇಣುದ್ದ ಎಳೆ ಇಳಿಬಿದ್ದಿತ್ತು. "ಅವ್ವ ಈ ಸಲ ತಾನೇ ಕಟ್ಟಿ ಕೊಟ್ಟವ್ಳೆ," ಅಂದುಕೊಂಡ. ಕುಲಾವಿಯನ್ನು ನೆಲಕ್ಕೆ ಬಿಟ್ಟ. ಎಳೆಯ ತುದಿ ಹಿಡಿದ. ಮುಂದೆ ನಡೆದ.

ಕುಲಾವಿ ಎರಡು ಸಲ ಕುಪ್ಪಳಿಸಿ ಹಿಂದೆ ಬಂತು. ಆಮೇಲೆ ಬೇಲಿಯ ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿತು. ಜುಂಜನ ಕೈಗೆ ಎಳೆತ ತಿಳಿಯಿತು. ಹಠ ಮಾಡ್ತಾ ಐತೆ, ಅಂದುಕೊಂಡ. ಮೆಲ್ಲಗೆ ಎಳೆದ. ಬಂತು. ಇನ್ನಷ್ಟು ಎಳೆದ, ಇನ್ನಷ್ಟು ಬಂತು. "ಬ್ರ್ ಬ್ರ್, ಬಾ ಬಾ," ಅಂತ ಕರೆಯುತ್ತಾ ಕೆರೆ ಅಂಗಳಕ್ಕೆ ಇಳಿದ.

ಹುಲ್ಲು ಕೊಯ್ಯುತ್ತಿದ್ದ ಅಜ್ಜಿ ಕೇಳಿದಳು: "ಎಲ್ಲಿಗೋ ಜುಂಜಾ?"

"ಕುಲಾವಿ ಹೊಡ್ಕೊಂಡು ಅಕ್ಕನ ಮನೆಗೆ."

"ಕುಲಾವಿ ಎಲ್ಲೋ? ಹಿಂದೆ ಏನೂ..."

"ತಿರುಗಿ ನೋಡಬಾರದು!" ಅಂತ ಅಜ್ಜಿಗೇ ಗದರಿ ಮುಂದೆ ಹೋದ.

ಈರಕ್ಕನ ಮನೆಯಲ್ಲಿ ತೊಟ್ಟಿಲು ಕಟ್ಟಿತ್ತು. ಹೆಂಗಸರು ಸೇರಿದ್ದರು. ಕೂಸು ಈರಕ್ಕನ ತೊಡೆಯ ಮೇಲಿತ್ತು. ಜುಂಜ ಒಳಗೆ ಬಂದು, ಗೋಡೆಗೆ ಮುಖ ಮಾಡಿ, ಮುಷ್ಟಿ ಬಿಗಿದು ನಿಂತ.

"ಕುಲಾವಿ ಎಲ್ಲೋ?" ಅಂದಳು ಈರಕ್ಕ.

"ಹಿಂದೆ ಬರ್ತಾ ಐತೆ."

"ಯಾರ ಜೊತೆ?"

"ಒಂದೇ ಬರ್ತಾ ಐತೆ."

ತಿಪ್ಪಮ್ಮ ಬಾಗಿಲಿಗೆ ಹೋಗಿ ನೋಡಿದಳು. ಯಾರೂ ಇರಲಿಲ್ಲ. "ತವರಿನ ಕುಲಾವಿ ಭಾಳ ನಿಧಾನ ನಡೀತದಲ್ಲೇ ಈರೀ!" ಅಂದಳು. ಹೆಂಗಸರು ಮುಸಿಮುಸಿ ನಕ್ಕರು. ಈರಕ್ಕ ತಲೆ ತಗ್ಗಿಸಿದಳು.

ಇತ್ತ ಮಾಳವ್ವ ರಾಗಿ ಕೇರಿ ಹೊಟ್ಟು ಚೆಲ್ಲಲು ಹೊರಗೆ ಬಂದಳು. ಬೇಲಿ ಮುಳ್ಳಿನಲ್ಲಿ ಒಂದು ಕಂದು ಸುರುಳಿ, ಕುಲಾವಿಯಲ್ಲಿ ಬಿಚ್ಚದೆ ಉಳಿದದ್ದು ಅಷ್ಟೇ. ಅಲ್ಲಿಂದ ಒಂದು ಎಳೆ ಹೊರಟು ಕೆರೆ ಕಡೆಗೆ ಹೋಗಿತ್ತು. ಅವಳು ಸುರುಳಿ ನೋಡಿದಳು. ಎಳೆ ನೋಡಿದಳು. ಬೈಯಬೇಕು, ಎದುರಿಗೆ ಮಗ ಇಲ್ಲ. ಅಳಬೇಕು, ಹೊತ್ತು ಇಲ್ಲ. ಮುಳ್ಳಿನಿಂದ ಎಳೆ ಬಿಡಿಸಿ ಎರಡು ಬೆರಳಿಗೆ ಸುತ್ತತೊಡಗಿದಳು.

ಸುತ್ತುತ್ತಾ ನಡೆದಳು. ಕಣ್ಣು ಎಳೆಯ ಮೇಲೆ, ಕಾಲು ಕಣ್ಣಿನ ಹಿಂದೆ. ಎಳೆ ಕೂಳೆಯ ಮೇಲೆ ಹಾದಿತ್ತು, ಕಲ್ಲಿನ ಮೇಲೆ ಹಾದಿತ್ತು, ಕೆರೆಯ ಬಿರುಕಿನ ಮೇಲೆ ಹಾದಿತ್ತು. ಎಲ್ಲೂ ಹರಿದಿರಲಿಲ್ಲ. ಉಂಡೆ ಕೈಯಲ್ಲಿ ದಪ್ಪವಾಗುತ್ತಾ ಬಂತು. ಬೆಟ್ಟದಷ್ಟು ಸಿಟ್ಟು ಇಟ್ಟುಕೊಂಡು ಹೊರಟವಳಿಗೆ ಸುತ್ತುತ್ತಾ ಸುತ್ತುತ್ತಾ ಅದು ಎಲ್ಲಿ ಬಿದ್ದುಹೋಯಿತೋ ತಿಳಿಯಲಿಲ್ಲ.

ತಲೆ ಎತ್ತಿದರೆ ಎದುರಿಗೆ ತಿಪ್ಪಮ್ಮನ ಹೊಸಲು.

ಮಾಳವ್ವ ಅಲ್ಲೇ ನಿಂತಳು. ಇನ್ನು ಮೊಳದಷ್ಟು ಎಳೆ. ಈ ಕೊನೆಯಲ್ಲಿ ಅವಳ ಉಂಡೆ, ಆ ಕೊನೆಯಲ್ಲಿ ಜುಂಜನ ಮುಷ್ಟಿ.

"ಬಿಡೋ," ಅಂದಳು ಮೆತ್ತಗೆ.

"ಬಿಡಬಾರದು ಅಂದೋಳು ನೀನೇ ಅಲ್ವೇನವ್ವಾ?" ಅಂದ ಜುಂಜ ಗೋಡೆ ನೋಡುತ್ತಲೇ. "ಬಂತಾ ಕುಲಾವಿ? ನಾನು ಒಂದು ಸಲಾನೂ ತಿರುಗಿ ನೋಡಿಲ್ಲ!"

ಹೆಂಗಸರು ಗೊಳ್ಳೆಂದು ನಕ್ಕರು. ತಿಪ್ಪಮ್ಮ ಈ ಸಲ ನಗಲಿಲ್ಲ. ಹತ್ತಿರ ಬಂದು ಆ ಮೊಳದ ಎಳೆಯನ್ನು ಬೆರಳಲ್ಲಿ ಎತ್ತಿ ನೋಡಿದಳು.

"ಅಲ್ಲಿಂದ ಇಲ್ಲಿವರೆಗೂ ಒಂದೇ ಎಳೇನಾ ಬೀಗತಿ?"

"ಒಂದೇ."

"ಎಲ್ಲೂ ಹರೀಲಿಲ್ವಾ?"

"ಹರಿಯಂಗೆ ನೂತಿಲ್ಲ."

"ಮತ್ತೆ ಹೊರಗೆ ಯಾಕೆ ನಿಂತ್ರಿ?"

"ನಾನೆಲ್ಲಿ ಬಂದೆ? ನೂಲು ಸುತ್ತುತಾ ಇದೀನಿ."

ಅಷ್ಟರಲ್ಲಿ ಕೂಸು ಅತ್ತಿತು. ಗಾಳಿಯಲ್ಲಿ ಕೇಳಿದ ಅಳು ಇಷ್ಟು ಹತ್ತಿರದಲ್ಲಿ. ಮಾಳವ್ವನ ಒಂದು ಕಾಲು ಹೊಸಲ ಕಡೆಗೆ ಎದ್ದು ಮತ್ತೆ ಕೆಳಗಿಳಿಯಿತು. ತಿಪ್ಪಮ್ಮ ಅದನ್ನು ನೋಡಿದಳು.

"ಒಳಗೆ ಬನ್ನಿ," ಅಂದಳು ಸಣ್ಣಗೆ.

ಮಾಳವ್ವ ಕದಲಲಿಲ್ಲ.

ತಿಪ್ಪಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೆರೆಯ ಆಚೆ ದಡಕ್ಕೂ ಕೇಳಿಸುವ ಹಾಗೆ ಬಾಯಿ ತುಂಬ ಕೂಗಿದಳು: "ಬನ್ನಿ ಬೀಗತೀ! ಒಳಗೆ ಬನ್ನೀ! ನಿಮ್ಮ ದಮ್ಮಯ್ಯ, ಹೊತ್ತು ಮೀರ್ತಾ ಐತೆ ಬನ್ನೀ!"

ಮಾಳವ್ವ ಹೊಸಲು ದಾಟಿದಳು. ಕೂಸನ್ನು ಎತ್ತಿಕೊಂಡಳು, ಮುಖ ನೋಡಿದಳು, ಮಗಳ ತೊಡೆಯ ಮೇಲೆ ಮತ್ತೆ ಮಲಗಿಸಿದಳು. ತುರುಬಿನಿಂದ ಕಡ್ಡಿ ತೆಗೆದಳು.

ಹೊತ್ತು ಮುಳುಗುವುದರೊಳಗೆ ಕೂಸು ತೊಟ್ಟಿಲಲ್ಲಿ ಇರಬೇಕು. ಕಡ್ಡಿಗಳು ಆಡತೊಡಗಿದವು. ಉಂಡೆ ಉರುಳಿ ಹೋಗದ ಹಾಗೆ ತಿಪ್ಪಮ್ಮ ಅದನ್ನು ಮಡಿಲಲ್ಲಿ ಹಿಡಿದುಕೊಂಡಳು. ಹೆಂಗಸರು ಹಾಡು ಹೇಳಿದರು, ಉಂಡರು, ಎಲೆ ಅಡಿಕೆ ಹಾಕಿದರು. ತಿಪ್ಪಮ್ಮ ಮಾತ್ರ ಕಡ್ಡಿಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

"ನೋಡ್ತಾ ಇದ್ರೆ ಕೈ ತುರಿಸ್ತದಲ್ಲ ಬೀಗತಿ."

"ಇಕಾ, ಒಂದು ಸಾಲು ನೀವು ಹಾಕಿ."

ತಿಪ್ಪಮ್ಮ ನಾಲಿಗೆ ಹೊರಗೆ ಹಾಕಿಕೊಂಡು ಒಂದು ಸಾಲು ಹೆಣೆದಳು. ಅದು ಸೊಟ್ಟಗೆ ಬಂತು. ಬಿಚ್ಚಿ ಸರಿ ಮಾಡಬಹುದಿತ್ತು. ಮಾಳವ್ವ ಬಿಚ್ಚಲಿಲ್ಲ, ಮುಂದಿನ ಸಾಲಿಗೆ ಹೋದಳು.

ಬಿಸಿಲು ಕೆಂಪಾಗುವಾಗ ಕುಲಾವಿ ಮುಗಿಯಿತು. ಈ ಸಲ ಬಿಗಿಯಾಗಿ ಹೆಣೆದದ್ದರಿಂದ ನಿಂಬೆಹಣ್ಣಿನಷ್ಟು ಉಂಡೆ ಉಳಿದಿತ್ತು, ಅದನ್ನು ಕತ್ತರಿಸಿ ಪಕ್ಕಕ್ಕಿಟ್ಟಳು. ಈರಕ್ಕ ಕುಲಾವಿಯನ್ನು ಕೂಸಿನ ತಲೆಗೆ ಇಟ್ಟು ಕೊನೆಯ ಗಂಟು ಹಾಕಿದಳು. ಹಣೆಯ ಮೇಲೆ ಸರಿಯಾಗಿ ತಿಪ್ಪಮ್ಮನ ಸೊಟ್ಟ ಸಾಲು. ತೊಟ್ಟಿಲು ತೂಗಿತು.

ಆಗ ಮಾಳವ್ವನಿಗೆ ಮಗನಿಗೆ ಬೈಯುವುದು ಬಾಕಿ ಇದೆ ಅನ್ನುವುದು ನೆನಪಾಯಿತು.

"ಅಯ್ಯೋ ನನ್ನ ಮಂಕುದಿಣ್ಣೆ! ಒಂದು ಸಲ ತಿರುಗಿ ನೋಡಾಕೆ ಏನಾಗಿತ್ತೋ? ಇನ್ನು ಮೇಲೆ ಹೆಜ್ಜೆಗೊಂದು ಸಲ ತಿರುಗಿ ನೋಡ್ಕೊಂಡು ನಡಿ!"

"ಮೊದಲೇ ಹೇಳಬಾರದಾ? ಇನ್ನು ಹಂಗೇ ಮಾಡ್ತೀನಿ ಬಿಡು."

ಆಮೇಲೆ ಮಾಳವ್ವ ತೊಟ್ಟಿಲ ಪಕ್ಕ ಕೂತು ಮಗಳಿಗೆ ಹೇಳಿದಳು: "ಈ ಮನೆ ಒಂದಿಷ್ಟು ನಮ್ಮ ಬೇಲಿ ಹತ್ತಿರಕ್ಕೆ ಬಂದಿದ್ರೆ ದಿನಾ ಕೂಸನ್ನ ಎತ್ಕೋತಿದ್ದೆ ಕಣೇ."

ಜುಂಜ ಕೇಳಿಸಿಕೊಂಡ. ಅವನಿಗೆ ಯಾರೂ ಏನೂ ಹೇಳದಿದ್ದರೂ ಹೂಂ ಅಂದ. ನಿಂಬೆಹಣ್ಣಿನಷ್ಟು ಉಂಡೆ ಎತ್ತಿಕೊಂಡು ಹೊರಗೆ ಹೋದ.

ಸ್ವಲ್ಪ ಹೊತ್ತಾದ ಮೇಲೆ ಬೀಗತಿಯರಿಬ್ಬರೂ ಎಲೆ ಅಡಿಕೆ ಉಗುಳಲು ಜಗಲಿಗೆ ಬಂದರು. ಜಗಲಿಯ ಕಂಬಕ್ಕೆ ಭದ್ರವಾಗಿ ಒಂದು ಎಳೆ ಕಟ್ಟಿತ್ತು. ಎಳೆ ಬಿಗಿಯಾಗಿ ಕೆರೆ ಅಂಗಳಕ್ಕೆ ಹೋಗಿತ್ತು. ಅದರ ಆ ತುದಿಯಲ್ಲಿ ಜುಂಜ, "ಬ್ರ್ ಬ್ರ್, ಬಾ ಬಾ," ಅಂತ ಕರೆಯುತ್ತಿದ್ದ. ಮೆಲ್ಲಗೆ ಎಳೆಯುತ್ತಿದ್ದ. ತಿರುಗಿ ನೋಡುತ್ತಿದ್ದ. ಮತ್ತೆ ಎಳೆಯುತ್ತಿದ್ದ. ಮತ್ತೆ ತಿರುಗಿ ನೋಡುತ್ತಿದ್ದ.

"ಏನೋ ಮಾಡ್ತಿದೀಯಾ ಅಲ್ಲಿ?" ಅಂತ ಮಾಳವ್ವ ಕೂಗಿದಳು.

"ಅಕ್ಕನ ಮನೇನ ನಮ್ಮ ಬೇಲಿ ಹತ್ತಿರಕ್ಕೆ ಕರ್ಕೊಂಡು ಹೋಗ್ತಿದೀನಿ!"

"ಮನೆಗೆ ಯಾರಾದ್ರೂ ಹಗ್ಗ ಹಾಕ್ತಾರೇನೋ!"

"ಒಳಗೆ ಉಣ್ಣೆ ಕುಲಾವಿ ಐತಲ್ಲವ್ವಾ! ಬರಬೇಕಾಗಿತ್ತು!" ಜುಂಜ ಹಣೆ ಒರೆಸಿಕೊಂಡ. ಅವ್ವನ ಮೇಲೆ ಅವನಿಗೆ ಮೊದಲ ಸಲ ಸಿಟ್ಟು ಬಂದಿತ್ತು. "ಎಲ್ಲ ಕೆಡಿಸಿದೋಳು ನೀನೇ! ತಿರುಗಿ ನೋಡು ಅಂದೆ, ನೋಡಿದೆ. ಈಗ ನೋಡು, ಮನೆ ನಿಂತೇಬಿಡ್ತು!"